ಬೆನ್ನಿನ ಚಿತ್ರಗಳು

ಪುರಸಭೆಗೆ ಹನ್ನೆರಡು ಚಿತ್ರ ಬೇಕಿತ್ತು,
ತಿಂಗಳಿಗೊಂದು, ಮನುಷ್ಯರಿಲ್ಲದ್ದು.
'ಕಡಲು, ಬಂಡೆ, ಬೆಳಕು. ಅಷ್ಟೇ ಸಾಕು'
ಅಂದ ಗುಮಾಸ್ತ, ಹುಟ್ಟಿದೂರಿನ ನೀರಲ್ಲಿ
ಒಮ್ಮೆಯೂ ಕಾಲು ತೋಯಿಸಿಕೊಳ್ಳದವ.
ನಾನು ಪಾಸ್‌ಪೋರ್ಟಿಗೆ ಮುಖ ತೆಗೆಯುವವಳು,
'ನಗಬೇಡಿ, ಎರಡೂ ಕಿವಿ ಕಾಣಲಿ' ಎನ್ನುವವಳು,
ಗಲೀಸಿಯಾದ ಈ ತುದಿಯಲ್ಲಿ,
ನಕಾಶೆಯೇ ಸಾವಿನ ಕರಾವಳಿ ಎಂದು ಬರೆದುಕೊಂಡಲ್ಲಿ.
ಒಪ್ಪಿದೆ. ಅಂಗಡಿಗೆ ಮೂರು ತಿಂಗಳ ಬಾಡಿಗೆ ಬಾಕಿ.

ದಾರಿ ತೋರಲು ಬಂದವಳು ಎಲಾದಿಯಾ,
ಅಮ್ಮನ ಚಿಕ್ಕಮ್ಮನ ಮಗಳು, ಅರವತ್ತೊಂದು ವರ್ಷ,
ರಬ್ಬರ್ ಅಂಗಿ, ಸೊಂಟಕ್ಕೆ ಹಗ್ಗ, ಕೈಯಲ್ಲಿ ಉಳಿ.
ಬಂಡೆ ಕಚ್ಚಿ ಬೆಳೆವ ಪೆರ್ಸೆಬೆಯನ್ನು,
ಮುದಿ ಆಮೆಯ ಬೆರಳಿನಂಥ ಆ ಜೀವವನ್ನು,
ಎರಡು ಅಲೆಗಳ ನಡುವಿನ ಉಸಿರಲ್ಲಿ
ಕೆತ್ತಿ ಚೀಲಕ್ಕೆ ಹಾಕುವವಳು.
ಮದ್ರಿದಿನ ಹೋಟೆಲುಗಳಲ್ಲಿ ಅದಕ್ಕೆ ಬೆಳ್ಳಿ ತಟ್ಟೆಯಂತೆ.
ಅವಳು ತಿಂದದ್ದು ಅಲ್ಯೂಮಿನಿಯಂ ಪಾತ್ರೆಯಿಂದಲೇ.

ನನ್ನ ಪಟ್ಟಿಯನ್ನು ನೋಡಿ ಮೂಗು ಮುರಿದಳು.
ದೀಪಸ್ತಂಭದ ಹಿಂದಿನ ಸೂರ್ಯಾಸ್ತವೇ?
'ಅದು ದಿನಾ ಆಗ್ತದೆ.'
ಅವಳ ಪಟ್ಟಿ ಬೇರೆ:
ಮೂವರು ನಾದಿನಿಯರು, ಒಬ್ಬಳ ಮೇಲೂ ಭಾರ ಹಾಕುವಂತಿಲ್ಲ;
ಪಾದ್ರಿಯ ಬೋಳು, ಪಾಚಿ, ಜಾರುತ್ತದೆ;
ಆಮೇಲೆ ಸಾಲಗಾರ,
ವರ್ಷಕ್ಕೆ ನಾಲ್ಕೈದು ಸಲ, ದೊಡ್ಡ ಇಳಿತದಲ್ಲಷ್ಟೇ
ತಲೆಯೆತ್ತಿ ನೋಡಿ ಮತ್ತೆ ಮುಳುಗುವವ.
'ಅವನ ಬೆನ್ನ ಮೇಲೆ ಇರುವಷ್ಟು ಮಾಲು
ಬೇರೆಲ್ಲೂ ಇಲ್ಲ. ವಸೂಲಿ ಮಾಡಬೇಕು, ಓಡಬೇಕು.'

ಜನವರಿಯಿಂದ ಜೂನ್‌ವರೆಗೆ ಬಂಡೆಯಂಚಲ್ಲಿ ಹೊಟ್ಟೆ ಮಗುಚಿ ಮಲಗಿ
ನಾನು ತೆಗೆದ ಚಿತ್ರಗಳನ್ನು ತೊಳೆದು ನೋಡಿದರೆ
ಗುಮಾಸ್ತನಿಗೆ ಬೇಡವಾದ ಮನುಷ್ಯಳೊಬ್ಬಳು
ಎಲ್ಲದರಲ್ಲೂ ಇದ್ದಾಳೆ,
ಎಲ್ಲದರಲ್ಲೂ ಬೆನ್ನು.
ಬಾಗಿದ ಬೆನ್ನು, ನೊರೆಯಲ್ಲಿ ಅರ್ಧ ಬೆನ್ನು,
ಹಗ್ಗ ಬಿಗಿದು ಎರಡು ತುಂಡಾದಂಥ ಬೆನ್ನು.
'ಒಮ್ಮೆ ಈಚೆ ತಿರುಗು' ಎಂದು ಕೂಗಿದೆ.
ತಿರುಗದೆಯೇ ಕೂಗಿದಳು:
'ನೆಲಕ್ಕೆ ಬೆನ್ನು ಹಾಕಿದರೆ ನೆಲ ಸುಮ್ಮನಿರ್ತದೆ.
ಇದಕ್ಕೆ ಮುಖ ಕೊಟ್ಟೇ ಮಾತಾಡಬೇಕು.'

ಮುಖ ಬೇಕಿದ್ದರೆ ಕಡಲು ನಿಂತಲ್ಲಿ ನಾನು ನಿಲ್ಲಬೇಕು.

ಅಕ್ಟೋಬರಿನ ಅಮಾವಾಸ್ಯೆ, ಫುಕೊನ ದೋಣಿ,
ಡೀಸೆಲ್ ವಾಸನೆ, ನನ್ನ ಬಾಯಲ್ಲಿ ನಿಂಬೆಸಿಪ್ಪೆ.
ಸಾಲಗಾರ ತಲೆಯೆತ್ತಿದ್ದ.
ಅವನ ಮೇಲೆ ಮೊಣಕಾಲೂರಿ ಎಲಾದಿಯಾ,
ಮೊದಲ ಸಲ ಎದುರಿಗೆ:
ಉಪ್ಪು ಕಟ್ಟಿದ ಹುಬ್ಬು, ತುಟಿಯ ಮೇಲೊಂದು ಮಚ್ಚೆ,
ಮದುವೆಯ ಫೋಟೊದಲ್ಲೂ ನಾನು ಗಮನಿಸಿರದ ಮಚ್ಚೆ.
ಕಣ್ಣು ನೇರ ನನ್ನ ಮೇಲೆ.
ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.
ಅಷ್ಟು ಪೂರ್ತಿಯಾಗಿ. ನಾನು ಹಿಗ್ಗಿದೆ,
ಗಾಜನ್ನು ತಿರುಗಿಸಿ ತಿರುಗಿಸಿ ಹದ ಮಾಡಿದೆ.

ಅವಳು ನೋಡುತ್ತಿದ್ದುದು ನನ್ನನ್ನಲ್ಲ.

'ಫುಕೋ!' ಎಂದಳು. ಒಂದೇ ಸಲ.
ಅವನು ಮೂತಿ ತಿರುಗಿಸುವಷ್ಟರಲ್ಲಿ
ನನ್ನ ಬೆನ್ನ ಹಿಂದೆ ಬೆಳೆಯುತ್ತಿದ್ದದ್ದು
ನಮ್ಮನ್ನು ಎತ್ತಿತು, ಒಂದು ಕ್ಷಣ ಹಿಡಿದುಕೊಂಡಿತು,
ಯಾಕೋ ಬೇಡವೆಂದು ಕೆಳಗಿಟ್ಟಿತು.
ಬೆರಳು ತಾನಾಗಿ ಒತ್ತಿಕೊಂಡಿತ್ತು.

ಚಿತ್ರದಲ್ಲಿ ಇರುವುದು ಇಷ್ಟು:
ಓರೆಯಾದ ಆಕಾಶ, ದೋಣಿಯ ಅಂಚು, ಗಾಜಿನ ಮೇಲೆ ಹನಿ,
ಮೂಲೆಯಲ್ಲಿ ಹೆಬ್ಬೆರಳಷ್ಟು ಎಲಾದಿಯಾ,
ಬಾಯಿ ತೆರೆದು, ಒಂದು ಕೈ ಮೇಲೆ.
ಅವಳು ಆ ದಿನ ನಾಲ್ಕು ಕಿಲೋ ಮಾರಿದಳು.
ಉಳಿಯೊಂದು ಕಳೆದದ್ದಕ್ಕೆ ವಾರವಿಡೀ ನನ್ನನ್ನು ಬೈದಳು.

ಕ್ಯಾಲೆಂಡರಿನಲ್ಲಿ ಅಕ್ಟೋಬರಿಗೆ ದೀಪಸ್ತಂಭ ಬಂತು,
ಹಿಂದೆ ಸೂರ್ಯಾಸ್ತ.
ಎಲಾದಿಯಾಳ ಚಿತ್ರ ಬಂದರಿನ ಪಾನದಂಗಡಿಯಲ್ಲಿದೆ,
ಭರತ ಇಳಿತದ ವೇಳಾಪಟ್ಟಿಗೂ
ಲಾಟರಿ ಚೀಟಿಗೂ ನಡುವೆ, ಒಂದೇ ಮೊಳೆಯಲ್ಲಿ.

ಈಗಲೂ ಅಂಗಡಿಗೆ ಬಂದು ಯಾರಾದರೂ
ಸ್ಟೂಲಿನ ಮೇಲೆ ನೆಟ್ಟಗೆ ಕೂತು
ನಗದೆ, ಎರಡೂ ಕಿವಿ ತೋರಿಸಿ
ನನ್ನತ್ತ ದಿಟ್ಟಿಸಿದರೆ
ಒತ್ತುವ ಮೊದಲು ಒಮ್ಮೆ ತಿರುಗಿ ನೋಡುತ್ತೇನೆ.
ಗೋಡೆ. ಅದರ ಮೇಲೆ ಪುರಸಭೆಯ ಕ್ಯಾಲೆಂಡರ್.